ದೈತ್ಯರ ಪಕ್ಕ ನಿಂತರೆ ಮೊಣಕಾಲೆತ್ತರ: ಗೋಲಿಯಾತ್ ಆಡುವವರ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಮೇಲಿವೆ. ಮೇಜಿನ ಸುತ್ತ ಕೂತು, ದಾಳ ಹಾಕುತ್ತ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ದೈತ್ಯರ ವಂಶದವರು, ಅಂದರೆ ಗೋಲಿಯಾತ್‌ಗಳು. 2024ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ, ಅಂದರೆ ಆಟಗಾರರ ನಿಯಮದ ಪುಸ್ತಕದಲ್ಲಿ, ಅವರು ಎಲ್ಫ್, ಡ್ವಾರ್ಫ್‌ಗಳ ಸಾಲಿಗೇ ಬಂದು ಕೂತಿದ್ದಾರೆ. ಹಾಗಾಗಿ ಹೊಸದಾಗಿ ಆಟ ಶುರು ಮಾಡುವವರ ಕಣ್ಣಿಗೂ ಬೇಗ ಬೀಳುತ್ತಾರೆ. ನನಗೆ ತುಂಬ ಇಷ್ಟವಾದ ಜನ ಇವರು. ಅದಕ್ಕೇ ಈ ಸಲದ ಪುಟ ಪೂರ್ತಿ ಅವರಿಗೇ ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಮೊದಲ ಸಲ ಆಡುತ್ತಿದ್ದೇನೆ. ಫೈಟರ್ ಆಗಬೇಕು, ಗೋಲಿಯಾತ್ ಆಗಬೇಕು, ಅಷ್ಟು ಗೊತ್ತು. ಆದರೆ ಪುಸ್ತಕದಲ್ಲಿ ಆರು ಬಗೆಯ ದೈತ್ಯ ಪೂರ್ವಜರಲ್ಲಿ ಒಬ್ಬರನ್ನು ಆರಿಸಿಕೊಳ್ಳಿ ಅಂತಿದೆ. ಎಲ್ಲವೂ ಚೆನ್ನಾಗೇ ಕಾಣುತ್ತಿವೆ. ಯಾವುದು ಒಳ್ಳೆಯದು?

ಉತ್ತರ: ಯಾವುದು ಒಳ್ಳೆಯದು ಅಂತ ಕೇಳುವ ಮೊದಲು ಯಾವಾಗ ಕೆಲಸಕ್ಕೆ ಬರುತ್ತದೆ ಅಂತ ಕೇಳಿಕೊಳ್ಳಿ. ಆಗ ಆರೂ ತಾವಾಗಿಯೇ ಬೇರೆ ಬೇರೆ ಗುಂಪಾಗುತ್ತವೆ. ಫೈರ್, ಫ್ರಾಸ್ಟ್, ಹಿಲ್, ಈ ಮೂರೂ ನಿಮ್ಮ ಏಟು ಎದುರಾಳಿಗೆ ತಾಗಿದಾಗ ಬರುವಂಥವು. ಸ್ಟೋನ್ ಮತ್ತು ಸ್ಟಾರ್ಮ್ ನಿಮಗೆ ಏಟು ಬಿದ್ದಾಗ. ಕ್ಲೌಡ್ ಒಂದಕ್ಕೆ ಮಾತ್ರ ಹೊಡೆಯುವುದರ ಜೊತೆಗೂ ಸಂಬಂಧ ಇಲ್ಲ, ಹೊಡೆಸಿಕೊಳ್ಳುವುದರ ಜೊತೆಗೂ ಇಲ್ಲ. ಅದು ಜಾಗ ಬದಲಿಸುವ ವಿದ್ಯೆ.

ಇನ್ನೊಂದು ವಿಷಯ ಮೊದಲೇ ತಿಳಿದಿರಲಿ. ಇವುಗಳನ್ನು ದಿನಕ್ಕೆ ಎಷ್ಟು ಸಲ ಬಳಸಬಹುದು ಅನ್ನುವುದು ನಿಮ್ಮ ಪ್ರೊಫಿಷಿಯನ್ಸಿ ಬೋನಸ್ (ಲೆವೆಲ್ ಏರಿದಂತೆ ಬೆಳೆಯುವ ಅಂಕ) ಎಷ್ಟಿದೆಯೋ ಅಷ್ಟು. 1ನೇ ಲೆವೆಲ್‌ನಲ್ಲಿ ಎರಡು ಸಲ, 5ನೇ ಲೆವೆಲ್‌ಗೆ ಮೂರು, 9ಕ್ಕೆ ನಾಲ್ಕು. ಲಾಂಗ್ ರೆಸ್ಟ್, ಅಂದರೆ ಪೂರ್ತಿ ವಿಶ್ರಾಂತಿ, ಆದ ಮೇಲೆ ಮತ್ತೆ ತುಂಬಿಕೊಳ್ಳುತ್ತದೆ. ಅಂದರೆ ಶುರುವಿನಲ್ಲಿ ದಿನಕ್ಕೆ ಎರಡೇ ಸಲ. ಹಾಗಿದ್ದ ಮೇಲೆ ಆ ಎರಡು ಸಲ ಏನಾಗಬೇಕು ಅನ್ನುವುದೇ ನಿಜವಾದ ಪ್ರಶ್ನೆ.

ಫೈರ್ ತೆಗೆದುಕೊಂಡರೆ ತಾಗಿದ ಏಟಿಗೆ ಇನ್ನೊಂದು ಡಿ10, ಅಂದರೆ ಹತ್ತು ಮುಖದ ದಾಳದಲ್ಲಿ ಬಿದ್ದಷ್ಟು, ಬೆಂಕಿಯ ಹಾನಿ ಸೇರುತ್ತದೆ. ಸರಾಸರಿ 5.5. ಶುರುವಿನ ಲೆವೆಲ್‌ಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ, ಒಂದೇ ಏಟಿಗೆ ಗಾಬ್ಲಿನ್ ನೆಲಕ್ಕೆ. ಆದರೆ ಮುಂದೆ ಹೋದಂತೆ ಬೆಂಕಿಗೆ ಬಗ್ಗದ ಎದುರಾಳಿಗಳು ಜಾಸ್ತಿಯಾಗುತ್ತಾರೆ, ಆಗ 5.5 ಅನ್ನುವುದು ಅಷ್ಟೇನೂ ದೊಡ್ಡದಾಗಿ ಉಳಿಯುವುದಿಲ್ಲ. ಫ್ರಾಸ್ಟ್ ಡಿ6 ಶೀತದ ಹಾನಿ ಕೊಡುತ್ತದೆ, ಜೊತೆಗೆ ಏಟು ತಿಂದವರ ನಡಿಗೆ ನಿಮ್ಮ ಮುಂದಿನ ಸರದಿ ಬರುವವರೆಗೆ 10 ಅಡಿ ಕಡಿಮೆಯಾಗುತ್ತದೆ. ಓಡಿಹೋಗುವವರನ್ನು ಹಿಡಿಯಲು, ನಿಮ್ಮ ಹಿಂದೆ ನಿಂತು ಮಂತ್ರ ಹಾಕುವ ವಿಜರ್ಡ್ ಹತ್ತಿರ ಹೋಗುವವರನ್ನು ತಡೆಯಲು ಇದು ಒಳ್ಳೆಯದು. ಸ್ಟಾರ್ಮ್ ನನ್ನ ಮಟ್ಟಿಗೆ ಆರರಲ್ಲಿ ಕೊನೆಯದು. 60 ಅಡಿ ಒಳಗಿಂದ ಯಾರಾದರೂ ನಿಮಗೆ ಹಾನಿ ಮಾಡಿದರೆ ರಿಯಾಕ್ಷನ್ (ಸುತ್ತಿಗೆ ಒಂದೇ ಸಲ ಸಿಗುವ ತಕ್ಷಣದ ಪ್ರತಿಕ್ರಿಯೆ) ಬಳಸಿ ಅವರಿಗೆ ಡಿ8 ಗುಡುಗಿನ ಹಾನಿ ಕೊಡಬಹುದು. ದೂರದಲ್ಲಿ ನಿಂತು ಬಾಣ ಬಿಡುವವನಿಗೂ ತಟ್ಟುತ್ತದೆ, ಅದು ನಿಜ. ಆದರೆ ಅಷ್ಟಕ್ಕೆ ಆ ಸುತ್ತಿನ ರಿಯಾಕ್ಷನ್ ಹೋಯಿತು.

ಇನ್ನು ಸ್ಟೋನ್. ಏಟು ಬಿದ್ದಾಗ ರಿಯಾಕ್ಷನ್ ಬಳಸಿ ಡಿ12 ಹಾಕಿ, ಅದಕ್ಕೆ ನಿಮ್ಮ ಕಾನ್‌ಸ್ಟಿಟ್ಯೂಷನ್ (ಮೈಯ ಗಟ್ಟಿತನ) ಅಂಕದಿಂದ ಬರುವ ಮಾಡಿಫೈಯರ್ ಸೇರಿಸಿ, ಅಷ್ಟು ಹಾನಿ ಕಡಿಮೆ ಮಾಡಿಕೊಳ್ಳಬಹುದು. ನಿಮ್ಮ ಕಾನ್‌ಸ್ಟಿಟ್ಯೂಷನ್ 15 ಇದೆ ಅಂದುಕೊಳ್ಳೋಣ, ಮಾಡಿಫೈಯರ್ 2. ಸರಾಸರಿ 8.5 ಉಳಿಯಿತು. ಎರಡು ಸಲಕ್ಕೆ 17. ಆದರೆ 1ನೇ ಲೆವೆಲ್ ಫೈಟರ್ ಆಗಿ ನಿಮ್ಮ ಎಚ್‌ಪಿ, ಅಂದರೆ ಜೀವದ ಅಂಕ, ಇರುವುದೇ 12! ಅಂದರೆ ದಿನಕ್ಕೆ ಒಂದೂವರೆ ಜೀವ ಕೈಯಲ್ಲಿ ಜಾಸ್ತಿ ಇಟ್ಟುಕೊಂಡ ಹಾಗೆ. ಮೊದಲ ಸಲ ಆಡುವವರಿಗೆ, ಯಾವಾಗ ಮುಂದೆ ನುಗ್ಗಬೇಕು ಯಾವಾಗ ಹಿಂದೆ ಸರಿಯಬೇಕು ಅಂತ ಇನ್ನೂ ಕೈಗೆ ಬರದವರಿಗೆ, ನಾನು ಕಣ್ಣು ಮುಚ್ಚಿಕೊಂಡು ಹೇಳುವುದು ಇದನ್ನೇ.

ಆದರೆ ನಿಮಗೆ ಆಟದ ಮಜಾ ಬೇಕಿದ್ದರೆ ಹಿಲ್ ನೋಡಿ. ನಿಮ್ಮ ಏಟು ತಾಗಿ ಹಾನಿಯಾಯಿತು, ಎದುರಾಳಿ ಲಾರ್ಜ್ (ಮನುಷ್ಯರಿಗಿಂತ ಒಂದು ಗಾತ್ರ ದೊಡ್ಡದು) ಅಥವಾ ಅದಕ್ಕಿಂತ ಚಿಕ್ಕ ಗಾತ್ರದವನು, ಅಷ್ಟಿದ್ದರೆ ಸಾಕು. ಅವನು ಬಿದ್ದ. ತಪ್ಪಿಸಿಕೊಳ್ಳಲು ದಾಳ ಹಾಕುವ ಸೇವಿಂಗ್ ಥ್ರೋ ಕೂಡ ಇಲ್ಲ. ಬಿದ್ದವನ ಪಕ್ಕದಲ್ಲಿರುವ ನಿಮ್ಮವರೆಲ್ಲ ಅಡ್ವಾಂಟೇಜ್‌ನಲ್ಲಿ, ಅಂದರೆ ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಂಡು, ಹೊಡೆಯಬಹುದು. ಅವನು ಏಳಬೇಕಾದರೆ ಅರ್ಧ ನಡಿಗೆ ಖರ್ಚು. ಇದರಲ್ಲಿ ತುಂಬ ಜನ ಗಮನಿಸದ ಒಂದು ಸಾಲಿದೆ: ಏಟು ಕತ್ತಿಯದೇ ಆಗಬೇಕೆಂದಿಲ್ಲ. ಬಾಣವೂ ಆಗುತ್ತದೆ. ನಮ್ಮ ಗುಂಪಿನಲ್ಲಿ ಒಮ್ಮೆ ಒಂದು ಮ್ಯಾಂಟಿಕೋರ್ 40 ಅಡಿ ಮೇಲೆ ಹಾರುತ್ತಾ ಬಾಲದ ಮುಳ್ಳು ಎಸೆಯುತ್ತಿತ್ತು. ಕೆಳಗಿದ್ದ ಐವರಲ್ಲಿ ಮೂವರ ಕೈಯಲ್ಲಿ ಕತ್ತಿ, ಸುಮ್ನೆ ಮೇಲೆ ನೋಡುತ್ತ ನಿಂತಿದ್ದೆವು. ಗೋಲಿಯಾತ್ ರೇಂಜರ್ ಆಡುತ್ತಿದ್ದ ಗೆಳೆಯ ಬಾಣ ಬಿಟ್ಟ, ತಾಗಿತು, ‘ಹಿಲ್ಸ್ ಟಂಬಲ್’ ಅಂದ. ಡಿಎಂ, ಅಂದರೆ ಆಟ ನಡೆಸುವವರು, ಒಂದು ಕ್ಷಣ ಪುಸ್ತಕ ತೆಗೆದು ನೋಡಿದರು. ಹಾರುತ್ತಿರುವ ಪ್ರಾಣಿ ಪ್ರೋನ್ (ಮಗುಚಿ ಬಿದ್ದ ಸ್ಥಿತಿ) ಆದರೆ, ತೇಲಿ ನಿಲ್ಲುವ ಶಕ್ತಿ ಅದಕ್ಕೆ ಇಲ್ಲದಿದ್ದರೆ, ಕೆಳಗೆ ಬೀಳುತ್ತದೆ. 10 ಅಡಿಗೆ ಒಂದು ಡಿ6. ನಾಲ್ಕು ದಾಳ ಮೇಜಿನ ಮೇಲೆ ಉರುಳಿದವು, ಮ್ಯಾಂಟಿಕೋರ್ ನಮ್ಮ ಮೂವರ ಕತ್ತಿಗಳ ನಡುವೆ ಬಂದು ಬಿತ್ತು. ಆವತ್ತು ಎಲ್ಲರೂ ಕುರ್ಚಿಯಿಂದ ಎದ್ದು ಕೂಗಿದ್ದು ನನಗೆ ಈಗಲೂ ಕಿವಿಯಲ್ಲಿದೆ.

ಒಂದು ಎಚ್ಚರಿಕೆ. ನಿಮ್ಮ ಗುಂಪಿನಲ್ಲಿ ಬಿಲ್ಲುಗಾರರೇ ಜಾಸ್ತಿ ಇದ್ದರೆ ನೆಲದ ಮೇಲಿರುವವರನ್ನು ಬೀಳಿಸುವ ಮೊದಲು ಅವರನ್ನು ಒಂದು ಮಾತು ಕೇಳಿ. ಬಿದ್ದವನಿಗೆ ದೂರದಿಂದ ಬಾಣ ಬಿಡುವವರಿಗೆ ಡಿಸ್‌ಅಡ್ವಾಂಟೇಜ್ (ಎರಡು ದಾಳದಲ್ಲಿ ಚಿಕ್ಕದೇ ಲೆಕ್ಕ) ಬರುತ್ತದೆ.

ಕ್ಲೌಡ್ ಬಗ್ಗೆ ಮುಂದಿನ ಉತ್ತರದಲ್ಲಿ ಹೇಳುತ್ತೇನೆ, ಅಲ್ಲೇ ಅದಕ್ಕೆ ಸರಿಯಾದ ಜಾಗ.

ಪ್ರಶ್ನೆ: ನನಗೆ ಗೋಲಿಯಾತ್ ವಿಜರ್ಡ್ ಆಡುವ ಆಸೆ. ಗುಂಪಿನವರು ‘ಅಷ್ಟು ದೊಡ್ಡ ಮೈ ಇಟ್ಟುಕೊಂಡು ಪುಸ್ತಕ ಓದ್ತೀಯಾ, ವೇಸ್ಟು’ ಅಂತಾರೆ. ನಿಜವಾಗಿಯೂ ವೇಸ್ಟಾ?

ಉತ್ತರ: ಇಲ್ಲ, ಖಂಡಿತ ಇಲ್ಲ. ಅವರು ಹೇಳುತ್ತಿರುವುದು ಹಳೆಯ ಪುಸ್ತಕದ ಕಾಲದ ಮಾತು. ಆಗ ಗೋಲಿಯಾತ್ ಆದರೆ ಸ್ಟ್ರೆಂಗ್ತ್‌ಗೆ 2, ಕಾನ್‌ಸ್ಟಿಟ್ಯೂಷನ್‌ಗೆ 1 ಸಿಗುತ್ತಿತ್ತು, ವಿಜರ್ಡ್‌ಗೆ ಬೇಕಾದ ಇಂಟೆಲಿಜೆನ್ಸ್‌ಗೆ ಏನೂ ಇರಲಿಲ್ಲ. 2024ರ ಪುಸ್ತಕದಲ್ಲಿ ಆ ಅಂಕಗಳು ವಂಶದಿಂದ ಬರುವುದಿಲ್ಲ, ಬ್ಯಾಕ್‌ಗ್ರೌಂಡ್‌ನಿಂದ, ಅಂದರೆ ಪಾತ್ರದ ಹಿಂದಿನ ಬದುಕಿನಿಂದ, ಬರುತ್ತವೆ. ನೀವು ಸೇಜ್ ಅನ್ನುವ ಬ್ಯಾಕ್‌ಗ್ರೌಂಡ್ ತೆಗೆದುಕೊಳ್ಳಿ. ಅದರಲ್ಲಿ ಕಾನ್‌ಸ್ಟಿಟ್ಯೂಷನ್, ಇಂಟೆಲಿಜೆನ್ಸ್, ವಿಸ್ಡಮ್ ಇವೆ. ಇಂಟೆಲಿಜೆನ್ಸ್ 15ಕ್ಕೆ 2 ಸೇರಿಸಿ 17 ಮಾಡಿ, ಕಾನ್‌ಸ್ಟಿಟ್ಯೂಷನ್ 14ಕ್ಕೆ 1 ಸೇರಿಸಿ 15 ಮಾಡಿ. ಎಲ್ಫ್ ವಿಜರ್ಡ್‌ಗಿಂತ ನೀವು ಒಂದು ಅಂಕವೂ ಹಿಂದೆ ಇಲ್ಲ.

ಈಗ ಸ್ಟೋನ್ ಲೆಕ್ಕ ಮತ್ತೆ ಹಾಕಿ. 1ನೇ ಲೆವೆಲ್ ವಿಜರ್ಡ್ ಎಚ್‌ಪಿ 6ಕ್ಕೆ 2 ಸೇರಿ 8. ಸ್ಟೋನ್ಸ್ ಎಂಡ್ಯೂರೆನ್ಸ್ ಒಂದು ಸಲಕ್ಕೆ ಸರಾಸರಿ 8.5 ಉಳಿಸುತ್ತದೆ. ಒಂದು ಸಲ ಬಳಸಿದರೆ ಪೂರ್ತಿ ಒಂದು ಜೀವ! ಗಟ್ಟಿ ಮೈಯ ಫೈಟರ್‌ಗಿಂತ ಮೆತ್ತಗಿನ ವಿಜರ್ಡ್‌ಗೇ ಇದರ ಬೆಲೆ ಜಾಸ್ತಿ. ಇನ್ನೂ ಒಂದು ಲಾಭವಿದೆ. ಮಂತ್ರದ ಮೇಲೆ ಗಮನ ಹಿಡಿದುಕೊಂಡಿರುವಾಗ, ಅಂದರೆ ಕಾನ್‌ಸಂಟ್ರೇಷನ್‌ನಲ್ಲಿರುವಾಗ ಹಾನಿಯಾದರೆ ಸೇವಿಂಗ್ ಥ್ರೋ ಹಾಕಬೇಕು, ಸೋತರೆ ಮಂತ್ರ ಹೋಯಿತು. ಆದರೆ ಡಿ12 ಚೆನ್ನಾಗಿ ಬಿದ್ದು ಹಾನಿ ಸೊನ್ನೆಗೆ ಬಂದರೆ ಹಾನಿಯೇ ಆಗಲಿಲ್ಲವಲ್ಲ, ಸೇವಿಂಗ್ ಥ್ರೋ ಹಾಕುವ ಪ್ರಸಂಗವೇ ಇಲ್ಲ. ಒಂದು ಮಾತ್ರ ನೆನಪಿರಲಿ, ಶೀಲ್ಡ್ ಮಂತ್ರಕ್ಕೂ ರಿಯಾಕ್ಷನ್ನೇ ಬೇಕು. ಒಂದು ಸುತ್ತಿನಲ್ಲಿ ಎರಡರಲ್ಲಿ ಒಂದೇ.

ಅದು ಬೇಡ ಅನಿಸಿದರೆ ಕ್ಲೌಡ್ ಇದೆ. ಬೋನಸ್ ಆಕ್ಷನ್ನಿನಲ್ಲಿ (ಸರದಿಗೆ ಒಂದೇ ಸಿಗುವ ಹೆಚ್ಚುವರಿ ಚಿಕ್ಕ ಕೆಲಸ), ಕಣ್ಣಿಗೆ ಕಾಣುವ 30 ಅಡಿ ಒಳಗಿನ ಖಾಲಿ ಜಾಗಕ್ಕೆ ಮಾಯವಾಗಿ ಹೋಗಿ ನಿಲ್ಲಬಹುದು. ಇದೇ ಕೆಲಸಕ್ಕೆ ಮಿಸ್ಟಿ ಸ್ಟೆಪ್ ಅನ್ನುವ ಮಂತ್ರವಿದೆ, ಆದರೆ ಅದು ವಿಜರ್ಡ್‌ಗೆ 3ನೇ ಲೆವೆಲ್‌ಗೆ ಸಿಗುವುದು, ಪ್ರತಿ ಸಲ ಒಂದು ಸ್ಲಾಟ್, ಅಂದರೆ ಮಂತ್ರ ಹಾಕುವ ಅವಕಾಶ, ಖರ್ಚು. ನಿಮಗೆ 1ನೇ ಲೆವೆಲ್‌ನಿಂದಲೇ ದಿನಕ್ಕೆ ಎರಡು ಸಲ, ಯಾವ ಸ್ಲಾಟೂ ಇಲ್ಲದೆ. ಯಾರೋ ಹಿಡಿದುಕೊಂಡಿದ್ದಾರೆ, ಸೆರೆಮನೆಯ ಕಂಬಿಯ ಹಿಂದೆ ಹಾಕಿದ್ದಾರೆ, ಕೈ ಕಟ್ಟಿದ್ದಾರೆ, ಬಾಯಿ ಮುಚ್ಚಿದ್ದಾರೆ, ಏನೇ ಆಗಲಿ. ಕಂಬಿಯ ಆಚೆ ಕಾಣುತ್ತಿದೆಯಲ್ಲ, ಅಲ್ಲಿಗೆ ಹೋಗಬಹುದು.

ನಿಮಗೆ ಶೀತದ ಮಂತ್ರಗಳು ಇಷ್ಟ ಅಂದರೆ ಫ್ರಾಸ್ಟ್ ಕೂಡ ನೋಡಿ. ರೇ ಆಫ್ ಫ್ರಾಸ್ಟ್ ತಾಗಿದರೆ ನಡಿಗೆ 10 ಅಡಿ ಕಡಿಮೆ, ಅದರ ಮೇಲೆ ಫ್ರಾಸ್ಟ್ಸ್ ಚಿಲ್ ಹಾಕಿದರೆ ಇನ್ನೂ 10. ಮೂವತ್ತಡಿ ನಡೆಯುವವನು ಹತ್ತಡಿಗೆ ಬಂದು ನಿಲ್ಲುತ್ತಾನೆ. ಗುಂಪಿನವರಿಗೆ ಇಷ್ಟನ್ನು ಓದಿ ಹೇಳಿ, ಆಮೇಲೂ ವೇಸ್ಟು ಅಂತಾರಾ ನೋಡೋಣ.

ಪ್ರಶ್ನೆ: ಬಾರ್ಬೇರಿಯನ್‌ಗೆ ಸ್ಟೋನ್ ಅಲ್ವಾ ಎಲ್ಲಕ್ಕಿಂತ ಬೆಸ್ಟ್? ರೇಜ್ ಜೊತೆ ಸೇರಿದರೆ ನನ್ನನ್ನು ಯಾರೂ ಮುಟ್ಟೋಕಾಗಲ್ಲ ಅಂತ ಲೆಕ್ಕ ಹಾಕಿದ್ದೆ. ನಮ್ಮ ಡಿಎಂ ಬೇರೆ ಥರ ಲೆಕ್ಕ ಮಾಡುತ್ತಾರೆ.

ಉತ್ತರ: ನಿಮ್ಮ ಡಿಎಂ ಲೆಕ್ಕ ಸರಿ ಇದೆ. ನಿಯಮದ ಪ್ರಕಾರ ಹಾನಿಯಲ್ಲಿ ಕೂಡುವುದು ಕಳೆಯುವುದು ಮೊದಲು, ರೇಜ್, ಅಂದರೆ ಬಾರ್ಬೇರಿಯನ್‌ನ ರೋಷ, ಕೊಡುವ ರೆಸಿಸ್ಟೆನ್ಸ್‌ನಿಂದ ಅರ್ಧ ಮಾಡುವುದು ಆಮೇಲೆ. 20 ಹಾನಿ ಬಂತು, ಸ್ಟೋನ್‌ನಲ್ಲಿ 10 ಬಿತ್ತು ಅಂದುಕೊಳ್ಳಿ. ಇಪ್ಪತ್ತರಲ್ಲಿ ಹತ್ತು ಕಳೆದು ಹತ್ತು, ಅದರಲ್ಲಿ ಅರ್ಧ ಐದು. ಸ್ಟೋನ್ ಬಳಸದೇ ಇದ್ದಿದ್ದರೆ ರೇಜ್‌ನಿಂದಲೇ ಹತ್ತಕ್ಕೆ ಇಳಿಯುತ್ತಿತ್ತು. ಅಂದರೆ ದಾಳದಲ್ಲಿ ಹತ್ತು ಬಿದ್ದರೂ ನಿಮಗೆ ಉಳಿದದ್ದು ಐದೇ. ಮಂತ್ರದ ಬೆಂಕಿ, ಆಸಿಡ್ ಥರದ ರೇಜ್ ತಡೆಯದ ಹಾನಿಗೆ ಸ್ಟೋನ್ ಪೂರ್ತಿ ಕೆಲಸ ಮಾಡುತ್ತದೆ, ಅದಕ್ಕೆಂದೇ ಎತ್ತಿಟ್ಟುಕೊಂಡರೆ ಜಾಣತನ. ಆದರೆ ನನ್ನನ್ನು ಕೇಳಿದರೆ ಬಾರ್ಬೇರಿಯನ್‌ಗೆ ಕ್ಲೌಡ್ ಅಥವಾ ಹಿಲ್. ನಿಮಗೆ ಗಟ್ಟಿತನ ಆಗಲೇ ಇದೆ. ಇಲ್ಲದಿರುವುದು ಶತ್ರುವಿನ ಹತ್ತಿರ ಹೋಗಿ ತಲುಪುವ ದಾರಿ.

ಪ್ರಶ್ನೆ: ಗೋಲಿಯಾತ್‌ಗೆ ಬರುವ ಪವರ್‌ಫುಲ್ ಬಿಲ್ಡ್ ಅನ್ನುವ ಗುಣ ಇದ್ದರೆ ನಾನು ಒಂದು ಗಾತ್ರ ದೊಡ್ಡವನು ಅಂತ ಅರ್ಥ ಅಲ್ವಾ? ಹಾಗಿದ್ರೆ ದೈತ್ಯರ ಗದೆ ಹಿಡಿಯಬಹುದು, ದೊಡ್ಡ ಡ್ರ್ಯಾಗನ್‌ ಹಿಡಿದು ನಿಲ್ಲಿಸಬಹುದು ಅಂತ ನನ್ನ ವಾದ.

ಉತ್ತರ: ಅಲ್ಲ. ಒಂದು ಗಾತ್ರ ದೊಡ್ಡವನು ಅಂತ ಲೆಕ್ಕಕ್ಕೆ ಬರುವುದು ಹೊರೆ ಹೊರುವುದಕ್ಕೆ ಮಾತ್ರ. ಸ್ಟ್ರೆಂಗ್ತ್ 17 ಇರುವ ಸಾಮಾನ್ಯ ಮನುಷ್ಯ 255 ಪೌಂಡ್ ಹೊತ್ತರೆ ನೀವು 510 ಹೊರುತ್ತೀರಿ, ಅಂದರೆ ಸುಮಾರು 230 ಕಿಲೋ. ಗಾಯಗೊಂಡ ಗೆಳೆಯನನ್ನು ಹೆಗಲ ಮೇಲೆ, ಅವನ ಸಾಮಾನನ್ನೂ ಸೇರಿಸಿಕೊಂಡು, ಒಂಚೂರೂ ನಿಧಾನವಾಗದೆ ನೀವು ಹೊತ್ತು ನಡೆಯಬಹುದು. 2024ರ ಪುಸ್ತಕದಲ್ಲಿ ಇನ್ನೊಂದು ಸೇರಿದೆ: ಯಾರಾದರೂ ನಿಮ್ಮನ್ನು ಹಿಡಿದುಕೊಂಡರೆ ಬಿಡಿಸಿಕೊಳ್ಳಲು ದಾಳ ಹಾಕುವ ಚೆಕ್‌ಗೆ ಅಡ್ವಾಂಟೇಜ್. ಅಷ್ಟೇ. ನೋಡಲು ಏಳೆಂಟು ಅಡಿ ಎತ್ತರ ಇದ್ದರೂ ಆಟದ ನಿಯಮದಲ್ಲಿ ಗೋಲಿಯಾತ್ ಮೀಡಿಯಂ ಗಾತ್ರದವನೇ, ಐದಡಿಯ ಒಂದೇ ಚೌಕದಲ್ಲಿ ನಿಲ್ಲುವವನು. ದೊಡ್ಡ ಪ್ರಾಣಿಗಳನ್ನು ಹಿಡಿಯುವ ನಿಮ್ಮ ಆಸೆಗೆ ದಾರಿ ಬೇರೆ ಇದೆ, ಮುಂದಿನ ಪ್ರಶ್ನೆ ಅದೇ.

ಪ್ರಶ್ನೆ: 5ನೇ ಲೆವೆಲ್ ಮುಟ್ಟಿದೆ, ಸ್ವಲ್ಪ ಹೊತ್ತು ಮೈ ದೊಡ್ಡದು ಮಾಡಿಕೊಳ್ಳುವ ಲಾರ್ಜ್ ಫಾರ್ಮ್ ಬಂತು. ಆದರೆ ಎರಡು ಸಲ ಬಳಸಿದೆ, ಎರಡು ಸಲವೂ ಏನೂ ಆಗಲಿಲ್ಲ ಅನಿಸಿತು. ನಾನೇನು ತಪ್ಪು ಮಾಡುತ್ತಿದ್ದೇನೆ? ನಾನು ಬಾರ್ಬೇರಿಯನ್.

ಉತ್ತರ: ಪಾಪ, ಈ ಬೇಸರ ತುಂಬ ಜನರದ್ದು. ಜಗಳ ಶುರುವಾದ ಮೇಲೆ ದೊಡ್ಡವರಾಗಲು ಹೋಗುತ್ತಿದ್ದೀರಿ ಅಂತ ನನ್ನ ಊಹೆ. ಲಾರ್ಜ್ ಫಾರ್ಮ್‌ಗೆ ಬೋನಸ್ ಆಕ್ಷನ್ ಬೇಕು. ರೇಜ್‌ಗೂ ಬೋನಸ್ ಆಕ್ಷನ್ ಬೇಕು. ಮೊದಲ ಸರದಿಯಲ್ಲಿ ಒಂದೇ ಆಗುವುದು. ರೇಜ್ ಮಾಡಿ ಎರಡನೇ ಸರದಿಗೆ ದೊಡ್ಡವರಾಗುವಷ್ಟರಲ್ಲಿ ಅರ್ಧ ಜಗಳ ಮುಗಿದಿರುತ್ತದೆ.

ಅದು ಕೊಡುವುದೇನು ಅಂತ ನಿಧಾನವಾಗಿ ನೋಡಿ. ಲಾರ್ಜ್ ಗಾತ್ರ, ನಡಿಗೆ 10 ಅಡಿ ಜಾಸ್ತಿ (ಗೋಲಿಯಾತ್‌ಗೆ ಮೊದಲೇ 35 ಇದೆ, ಈಗ 45), ಸ್ಟ್ರೆಂಗ್ತ್ ಚೆಕ್‌ಗಳಿಗೆ ಅಡ್ವಾಂಟೇಜ್. ಚೆಕ್ ಅಂದರೆ ಚೆಕ್ ಮಾತ್ರ. ಕತ್ತಿ ಬೀಸುವ ಅಟ್ಯಾಕ್ ರೋಲ್‌ಗೆ ಇದು ಬರುವುದಿಲ್ಲ, ಸೇವಿಂಗ್ ಥ್ರೋಗೂ ಬರುವುದಿಲ್ಲ. ಹಾನಿಯೂ ಹೆಚ್ಚಾಗುವುದಿಲ್ಲ. ‘ಏನೂ ಆಗಲಿಲ್ಲ’ ಅಂತ ನಿಮಗೆ ಅನಿಸಿದ್ದು ಇದಕ್ಕೇ.

ಆದರೆ ಅದು ಹತ್ತು ನಿಮಿಷ ಇರುತ್ತದೆ. ಹತ್ತು ನಿಮಿಷ! ಒಂದು ಸುತ್ತಿಗೆ ಆರು ಸೆಕೆಂಡಿನ ಲೆಕ್ಕದಲ್ಲಿ ನೂರು ಸುತ್ತು. ಹಾಗಾಗಿ ಬಾಗಿಲು ಒಡೆಯುವ ಮೊದಲೇ, ಒಳಗೆ ಯಾರೋ ಇದ್ದಾರೆ ಅಂತ ಗೊತ್ತಾದ ಕೂಡಲೇ, ಹೊರಗಡೆ ನಿಂತೇ ದೊಡ್ಡವರಾಗಿ. ಆಗ ಒಳಗೆ ನುಗ್ಗಿದ ಮೊದಲ ಸರದಿಯಲ್ಲಿ ರೇಜ್‌ಗೆ ಬೋನಸ್ ಆಕ್ಷನ್ ಖಾಲಿ ಇರುತ್ತದೆ. ಲಾರ್ಜ್ ಆಗಿರುವಾಗ ಹ್ಯೂಜ್ ಗಾತ್ರದ ಪ್ರಾಣಿಯನ್ನು ಹಿಡಿಯಬಹುದು, ಯಾಕೆಂದರೆ ನಮಗಿಂತ ಒಂದು ಗಾತ್ರ ದೊಡ್ಡವರವರೆಗೆ ಹಿಡಿಯಲು ನಿಯಮ ಬಿಡುತ್ತದೆ. ಎರಡು ಚೌಕ ಉದ್ದ ಎರಡು ಚೌಕ ಅಗಲ ನಿಲ್ಲುತ್ತೀರಿ, ಅಂದರೆ ಹತ್ತಡಿಯ ಓಣಿ ನಿಮ್ಮಿಂದಲೇ ಮುಚ್ಚಿಹೋಗುತ್ತದೆ. ಸಾಕಷ್ಟು ಜಾಗ ಇಲ್ಲದ ಕಡೆ ಮಾತ್ರ ಬೆಳೆಯಲು ಆಗುವುದಿಲ್ಲ, ಐದಡಿಯ ಸುರಂಗದಲ್ಲಿ ಇದನ್ನು ನಂಬಬೇಡಿ.

ನಮ್ಮ ಆಟದಲ್ಲಿ ಒಬ್ಬ ಗೆಳತಿ ಮಾಡಿದ್ದನ್ನು ಹೇಳುತ್ತೇನೆ. ಹಳೆಯ ಕೋಟೆಯೊಂದರಲ್ಲಿ ಕಬ್ಬಿಣದ ಜಾಲರಿ ಬಾಗಿಲು ಮೇಲಿಂದ ಬಿದ್ದು ನಮ್ಮ ದಾರಿ ಮುಚ್ಚಿತು, ಹಿಂದಿನಿಂದ ನೀರು ಏರುತ್ತಿತ್ತು. ಅವಳ ಗೋಲಿಯಾತ್ ಆಗಲೇ ದೊಡ್ಡದಾಗಿತ್ತು. ಸ್ಟ್ರೆಂಗ್ತ್ ಚೆಕ್, ಎರಡು ದಾಳ. ಮೊದಲನೆಯದು 4. ಎರಡನೆಯದು ಉರುಳುತ್ತ ಹೋಗಿ ಹಾಳೆಯ ಅಂಚಿಗೆ ತಾಗಿ ನಿಂತಿತು, 17. ಅವಳು ಕುರ್ಚಿಯಿಂದ ಎದ್ದು ಎರಡೂ ಕೈ ತಲೆಯ ಮೇಲೆ ಎತ್ತಿ ಹಿಡಿದು ನಿಂತಳು. ನಾವು ನಾಲ್ವರು ಒಬ್ಬೊಬ್ಬರಾಗಿ ‘ನಾನು ದಾಟಿದೆ’, ‘ನಾನೂ ದಾಟಿದೆ’ ಅನ್ನುವವರೆಗೆ ಕೈ ಇಳಿಸಲಿಲ್ಲ. ಆಮೇಲೆ ಮೆಲ್ಲಗೆ, ‘ಈಗ ನನ್ನನ್ನ ಯಾರು ಎತ್ತಿ ಹಿಡೀತೀರಿ?’ ಅಂದಳು. ಕೊನೆಗೆ ಕ್ಲೌಡ್ ಇತ್ತು, ಜಾಲರಿಯ ಈಚೆಗೆ ಬಂದಳು. ಲಾರ್ಜ್ ಫಾರ್ಮ್ ಇರುವುದು ಇಂಥ ಹೊತ್ತಿಗೆ.

ಪ್ರಶ್ನೆ: ರೂನ್ ನೈಟ್ ಫೈಟರ್ ಅಥವಾ ಪಾತ್ ಆಫ್ ದ ಜೈಂಟ್ ಬಾರ್ಬೇರಿಯನ್, ಗೋಲಿಯಾತ್‌ಗೆ ಹೇಳಿ ಮಾಡಿಸಿದ ಹಾಗಿದೆ. ತೆಗೆದುಕೊಳ್ಳಲಾ?

ಉತ್ತರ: ಕಥೆಗೆ ನಿಜಕ್ಕೂ ಹೇಳಿ ಮಾಡಿಸಿದ ಹಾಗಿದೆ. 2020ರಲ್ಲಿ ಬಂದ ರೂನ್ ನೈಟ್ ದೈತ್ಯರ ಅಕ್ಷರಗಳನ್ನು ಆಯುಧಗಳ ಮೇಲೆ ಕೆತ್ತುವವನು, 2023ರಲ್ಲಿ ಬಂದ ಪಾತ್ ಆಫ್ ದ ಜೈಂಟ್ ರೇಜ್ ಬಂದಾಗಲೇ ಬೆಳೆಯುವವನು. ಆದರೆ ಇಬ್ಬರೂ 3ನೇ ಲೆವೆಲ್‌ಗೇ ಲಾರ್ಜ್ ಆಗುತ್ತಾರೆ. ಅದರ ಮೇಲೆ ನಿಮ್ಮ ಲಾರ್ಜ್ ಫಾರ್ಮ್ ಸೇರಿದರೆ ಹ್ಯೂಜ್ ಆಗುತ್ತೀರಿ ಅಂದುಕೊಳ್ಳಬೇಡಿ. ದೊಡ್ಡದರ ಮೇಲೆ ದೊಡ್ಡದು ಕೂಡುವುದಿಲ್ಲ. ಅಷ್ಟು ಗೊತ್ತಿದ್ದೂ ಮನಸ್ಸಿದ್ದರೆ ಧಾರಾಳವಾಗಿ ಆಡಿ. ರೇಜ್ ಮುಗಿದ ಮೇಲೂ, ಜಗಳ ಇಲ್ಲದಾಗಲೂ ದೊಡ್ಡವರಾಗಲು ಒಂದು ದಾರಿ ಇದ್ದೇ ಇರುತ್ತದೆ.

ಪ್ರಶ್ನೆ: ಫರ್ಬೋಲ್ಗ್ ಕೂಡ ದೈತ್ಯರ ಕಡೆಯವರೇ ಅಲ್ವಾ? ಗೋಲಿಯಾತ್‌ಗೂ ಅವರಿಗೂ ಏನು ವ್ಯತ್ಯಾಸ?

ಉತ್ತರ: ಹೌದು, ಕಡೆಯವರೇ. ಹೆಸರು ಬಂದಿದ್ದು ಐರ್ಲೆಂಡಿನ ಪುರಾಣದ ಫಿರ್ ಬೋಲ್ಗ್ ಅನ್ನುವ ಜನರಿಂದ. ಎತ್ತರ ಇಬ್ಬರದೂ ಹೆಚ್ಚುಕಡಿಮೆ ಒಂದೇ, ಏಳೆಂಟು ಅಡಿ. ಸ್ವಭಾವ ಮಾತ್ರ ಪೂರ್ತಿ ಬೇರೆ. ಗೋಲಿಯಾತ್ ಬೆಟ್ಟದ ತುದಿಯಲ್ಲಿ ನಿಂತು ಎಲ್ಲರಿಗೂ ಕಾಣುವವನು. ಫರ್ಬೋಲ್ಗ್ ಕಾಡಿನಲ್ಲಿ ಇದ್ದೂ ಕಾಣದಂತೆ ಇರುವವನು. ಬೋನಸ್ ಆಕ್ಷನ್ನಿನಲ್ಲಿ ಒಂದು ಸುತ್ತು ಅದೃಶ್ಯನಾಗುತ್ತಾನೆ, ವೇಷ ಮರೆಸುವ ಮಂತ್ರ ಹುಟ್ಟಿನಿಂದಲೇ ಗೊತ್ತು, ಅದರಲ್ಲೂ ಮೂರಡಿ ಕುಳ್ಳಗೆ ಕಾಣುವಂತೆ ಮಾಡಿಕೊಳ್ಳಬಹುದು. ಪ್ರಾಣಿಗಳಿಗೆ, ಗಿಡಗಳಿಗೆ ಅವನ ಮಾತು ಅರ್ಥವಾಗುತ್ತದೆ. ದೊಡ್ಡ ಮೈ ಇದ್ದೂ ಮೆಲ್ಲಗೆ ಮಾತಾಡುವ, ಗಾಯಕ್ಕೆ ಮದ್ದು ಹಚ್ಚುವ ಪಾತ್ರ ನಿಮ್ಮ ತಲೆಯಲ್ಲಿದ್ದರೆ ಫರ್ಬೋಲ್ಗ್ ತೆಗೆದುಕೊಳ್ಳಿ. ಅವರು 2024ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಇಲ್ಲ, 2022ರ ಮಾನ್‌ಸ್ಟರ್ಸ್ ಆಫ್ ದ ಮಲ್ಟಿವರ್ಸ್ ಪುಸ್ತಕದಲ್ಲಿದ್ದಾರೆ. ಆ ಪುಸ್ತಕ ಬಳಸಬಹುದಾ ಅಂತ ನಿಮ್ಮ ಡಿಎಂ ಹತ್ತಿರ ಕೇಳಿಕೊಳ್ಳಿ.

ಪ್ರಶ್ನೆ: ನಮ್ಮ ಗುಂಪು ಇನ್ನೂ ಹಳೆಯ ನಿಯಮದಲ್ಲೇ ಆಡುತ್ತದೆ. ನಮಗೆ ಈ ಆರು ಪೂರ್ವಜರು ಇಲ್ಲವಾ?

ಉತ್ತರ: ಇಲ್ಲ. ಹಳೆಯದರಲ್ಲಿ ಗೋಲಿಯಾತ್ ಅಂದರೆ ಕಲ್ಲಿನ ಮೈಯವರು ಮಾತ್ರ, ಸ್ಟೋನ್ಸ್ ಎಂಡ್ಯೂರೆನ್ಸ್ ಎಲ್ಲರಿಗೂ ಒಂದೇ. 2016ರ ಪುಸ್ತಕದ ಗೋಲಿಯಾತ್ ಆದರೆ ಅದು ಒಂದು ಸಲ, ಶಾರ್ಟ್ ರೆಸ್ಟ್ ಮಾಡಿದರೂ ಮತ್ತೆ ಬರುತ್ತದೆ. ಅಥ್ಲೆಟಿಕ್ಸ್ ಸ್ಕಿಲ್ ಉಚಿತವಾಗಿ ಬರುತ್ತದೆ, ಎತ್ತರದ ಬೆಟ್ಟದ ಗಾಳಿ ಒಗ್ಗುತ್ತದೆ. ಹೊಸದರಲ್ಲಿ ಇವೆರಡೂ ಹೋಗಿವೆ. ದಿನಕ್ಕೆ ಎರಡು ಮೂರು ಶಾರ್ಟ್ ರೆಸ್ಟ್ ಮಾಡುವ ಗುಂಪು ನಿಮ್ಮದಾದರೆ ಹಳೆಯದರಲ್ಲಿ ನಿಮಗೇನೂ ನಷ್ಟವಿಲ್ಲ. ಅಂದ ಹಾಗೆ ‘ರೇಸ್’ ಅನ್ನುವ ಪದವನ್ನೂ ಹೊಸ ಪುಸ್ತಕ ಕೈಬಿಟ್ಟು ‘ಸ್ಪೀಷೀಸ್’ ಅಂದಿದೆ, ಹುಡುಕುವಾಗ ಗೊಂದಲ ಬೇಡ.

ಪ್ರಶ್ನೆ: ನಾನು ನಾಲ್ಕು ತಿಂಗಳಿಂದ ಗೋಲಿಯಾತ್ ಆಡುತ್ತಿದ್ದೇನೆ. ಜಗಳದಲ್ಲಿ ಚೆನ್ನಾಗಿದೆ. ಆದರೆ ಮಾತಾಡುವ ಹೊತ್ತು ಬಂದರೆ ‘ನಾನು ಹಿಂದೆ ನಿಂತು ಗುರಾಯಿಸುತ್ತೇನೆ’ ಅನ್ನುವುದು ಬಿಟ್ಟು ಬೇರೆ ಏನೂ ಹೊಳೆಯುವುದಿಲ್ಲ. ದೊಡ್ಡವನು, ಪೆದ್ದ, ಹೊಡೆಯುತ್ತಾನೆ. ಇಷ್ಟೇ ಆಗಿಬಿಟ್ಟಿದೆ. ಏನು ಮಾಡಲಿ?

ಉತ್ತರ: ಈ ಪ್ರಶ್ನೆ ಕಳಿಸಿದ್ದಕ್ಕೆ ನಿಮಗೆ ತುಂಬ ಥ್ಯಾಂಕ್ಸ್. ಇದರ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು.

ಒಂದು ಲೆಕ್ಕದಿಂದ ಶುರು ಮಾಡೋಣ. ನಿಮ್ಮ ಪಾತ್ರ ಏಳೂವರೆ ಅಡಿ. ಗುಂಪಿನಲ್ಲಿ ಎಲ್ಲರಿಗಿಂತ ದೊಡ್ಡವನು. 2014ರ ಮಾನ್‌ಸ್ಟರ್ ಮ್ಯಾನುಯಲ್ ಪ್ರಕಾರ ಹಿಲ್ ಜೈಂಟ್ 16 ಅಡಿ, ಸ್ಟೋನ್ ಮತ್ತು ಫೈರ್ 18, ಫ್ರಾಸ್ಟ್ 21, ಕ್ಲೌಡ್ 24, ಸ್ಟಾರ್ಮ್ 26. ನಿಮ್ಮವನನ್ನು ಸ್ಟಾರ್ಮ್ ಜೈಂಟ್ ಪಕ್ಕ ನಿಲ್ಲಿಸಿ ನೋಡಿ. ಮೊಣಕಾಲಿನ ಹತ್ತಿರಕ್ಕೆ ಬರುತ್ತಾನೆ, ಅಷ್ಟೇ. ಊರಿಗೆಲ್ಲ ದೊಡ್ಡವನು, ತನ್ನ ವಂಶದವರ ಮುಂದೆ ಮಗುವಿನಷ್ಟು ಎತ್ತರ. ಗೋಲಿಯಾತ್ ಆಡುವವರು ಯಾಕೆ ಇದನ್ನು ಬಳಸಿಕೊಳ್ಳುವುದಿಲ್ಲವೋ ನನಗೆ ಗೊತ್ತಿಲ್ಲ, ಆದರೆ ಪಾತ್ರದ ಜೀವ ಇರುವುದೇ ಇಲ್ಲಿ. ಇವನು ಎರಡು ಕಡೆಯವನು. ಬಾಗಿಲಲ್ಲಿ ತಲೆ ಬಗ್ಗಿಸಬೇಕು, ಪೂರ್ವಜರ ಮನೆಯಲ್ಲಿ ತಲೆ ಎತ್ತಿ ನೋಡಬೇಕು. ಘಟೋತ್ಕಚನ ಕಥೆ ಕೇಳಿ ಬೆಳೆದ ನಮಗೆ ಇದು ಹೊಸದೇನಲ್ಲ: ಒಂದು ಕಡೆ ಅಪ್ಪನ ಮನೆ, ಇನ್ನೊಂದು ಕಡೆ ಅಮ್ಮನ ಕಾಡು, ಕರೆ ಬಂದಾಗ ಮಾತ್ರ ಅವನ ದೊಡ್ಡ ಮೈ ಎಲ್ಲರಿಗೂ ಬೇಕು. ನಿಮ್ಮವನಿಗೂ ಹಾಗೇ ಅನಿಸುತ್ತದಾ? ಬಾಗಿಲು ಒಡೆಯುವಾಗ ಕರೆಯುವ ಗೆಳೆಯರು ರಾಜನ ಜೊತೆ ಮಾತಾಡುವಾಗಲೂ ಕರೆಯುತ್ತಾರಾ? ಅದನ್ನು ಒಂದು ಸಲ ಆಟದಲ್ಲೇ ಕೇಳಿ ನೋಡಿ.

ದೈತ್ಯರಲ್ಲಿ ಮೇಲು ಕೀಳಿನ ಒಂದು ಏಣಿಯಿದೆ, ಅದಕ್ಕೆ ಆರ್ಡ್ನಿಂಗ್ ಅಂತ ಹೆಸರು. ಮೇಲೆ ಸ್ಟಾರ್ಮ್, ಆಮೇಲೆ ಕ್ಲೌಡ್, ಫೈರ್, ಫ್ರಾಸ್ಟ್, ಸ್ಟೋನ್, ಎಲ್ಲಕ್ಕಿಂತ ಕೆಳಗೆ ಹಿಲ್. ಹೊಸ ಪುಸ್ತಕ ಹೇಳುವ ಪ್ರಕಾರ ಗೋಲಿಯಾತ್‌ಗಳು ಆ ಜಗಳಗಳಿಂದ ಹೊರಬಂದು ತಮ್ಮ ದಾರಿ ತಾವು ಹಿಡಿದವರು. ನೀವು ಹಿಲ್ ಆರಿಸಿಕೊಂಡಿದ್ದೀರಿ ಅನ್ನಿ, ಮೋಡದ ಕೋಟೆಯ ಕ್ಲೌಡ್ ಜೈಂಟ್ ದೊರೆ ನಿಮ್ಮನ್ನು ಹೇಗೆ ನೋಡಬಹುದು? ಆ ಒಂದು ಭೇಟಿಯನ್ನು ಡಿಎಂ ಹತ್ತಿರ ಕೇಳಿ ಇಟ್ಟುಕೊಳ್ಳಿ.

ಇನ್ನು ಹಳೆಯ ಪುಸ್ತಕದಲ್ಲಿರುವ ಒಂದು ಪದ್ಧತಿ ನನಗೆ ತುಂಬ ಇಷ್ಟ. ಗೋಲಿಯಾತ್‌ಗೆ ಮೂರು ಹೆಸರು. ಹುಟ್ಟಿದಾಗ ಇಟ್ಟ ಹೆಸರು, ಕುಲದ ಹೆಸರು, ಇವೆರಡರ ನಡುವೆ ಮುಖ್ಯಸ್ಥರು ಕೊಡುವ ಅಡ್ಡಹೆಸರು. ಅಡ್ಡಹೆಸರು ನೀವು ಮಾಡಿದ ಕೆಲಸದಿಂದ ಬರುವುದು. ಒಳ್ಳೆಯದು ಮಾಡಿದರೆ ಒಳ್ಳೆಯ ಹೆಸರು, ಎಡವಿದರೆ ಎಡವಿದ ಹೆಸರು. ಯಾವಾಗ ಬೇಕಾದರೂ ಬದಲಾಗಬಹುದು. ನಿಮ್ಮ ಕುಲ ಈಗ ಹತ್ತಿರ ಇಲ್ಲ, ಗುಂಪಿನವರೇ ನಿಮ್ಮ ಕುಲ ಅಂದುಕೊಳ್ಳಿ. ಪ್ರತಿ ಸಾಹಸ ಮುಗಿದ ಮೇಲೆ ‘ಈ ಸಲ ನನ್ನ ಹೆಸರೇನು?’ ಅಂತ ಅವರನ್ನು ಕೇಳಿ. ಜಾಲರಿ ಎತ್ತಿದ ನಮ್ಮ ಗೆಳತಿಯ ಗೋಲಿಯಾತ್ ‘ಬಾಗಿಲುಗೈ’ ಆಯಿತು. ಅದಕ್ಕೂ ಹಿಂದೆ, ಕಾವಲಿಗೆ ಕೂತು ನಿದ್ದೆ ಹೋದಾಗ, ಮೂರು ವಾರ ‘ಮುಚ್ಚಿದ ಕಣ್ಣು’ ಅಂತಿತ್ತು. ಆ ಹೆಸರು ಕಳೆದುಕೊಳ್ಳಲು ಅವಳು ಪಟ್ಟ ಪಾಡಿನಲ್ಲಿ ಒಳ್ಳೆಯ ಒಂದು ಕಥೆಯೇ ಹುಟ್ಟಿತು.

ಪೆದ್ದನಾಗಿ ಆಡಲೇಬೇಕು ಅನ್ನುವ ನಿಯಮ ಎಲ್ಲೂ ಇಲ್ಲ. ಗೋಲಿಯಾತ್ ಲೆಕ್ಕ ಇಡುವವನು. ಯಾರು ಎಷ್ಟು ಸಲ ಯಾರ ಜೀವ ಉಳಿಸಿದರು, ಹೋದ ಸಲಕ್ಕಿಂತ ಈ ಸಲ ತಾನು ಎಷ್ಟು ಮೇಲೆ ಹತ್ತಿದೆ, ಎಲ್ಲ ಅವನಿಗೆ ನೆನಪಿರುತ್ತದೆ. ಪೈಪೋಟಿ ಇಷ್ಟ, ಆದರೆ ಸರಿಸಮ ಇರಬೇಕು, ಮೋಸದ ಗೆಲುವು ಗೆಲುವಲ್ಲ. ಗುಂಪಿನ ಕಳ್ಳ ರೋಗ್ ಸುಳ್ಳು ಹೇಳಿ ಪಣ ಗೆದ್ದರೆ ನಿಮ್ಮವನು ಹಿಂದೆ ನಿಂತು ಗುರಾಯಿಸುವುದಿಲ್ಲ, ಮುಂದೆ ಬಂದು ‘ಮತ್ತೆ ಆಡು’ ಅನ್ನುತ್ತಾನೆ. ಇದೇ ಜನ ಕೈಲಾಗದವರನ್ನು, ವಯಸ್ಸಾದವರನ್ನು ಕುಲದಿಂದ ಹೊರಗೆ ಹಾಕುತ್ತಾರೆ ಅಂತಲೂ ಹಳೆಯ ಪುಸ್ತಕದಲ್ಲಿದೆ. ನಿಮ್ಮವನ ಕಣ್ಣೆದುರು ಯಾರನ್ನು ಹಾಗೆ ಕಳಿಸಿದರು? ಅವನು ಆಗ ಸುಮ್ಮನಿದ್ದನಾ? ಇದಕ್ಕೆ ಉತ್ತರ ಬರೆದುಕೊಂಡರೆ, ದಾರಿಯಲ್ಲಿ ಕುಂಟುತ್ತ ಬರುವ ಯಾವ ಮುದುಕನನ್ನು ಕಂಡರೂ ನಿಮಗೆ ಮಾತು ತಾನಾಗಿ ಬರುತ್ತದೆ.

ಚಿಕ್ಕದೊಂದು ಅಭ್ಯಾಸವೂ ಇರಲಿ. ನಾನು ಆಡಿದ ಗೋಲಿಯಾತ್ ಯಾರ ಜೊತೆ ಮಾತಾಡುವ ಮೊದಲೂ ಕೂತುಕೊಳ್ಳುತ್ತಿದ್ದಳು. ಕುಳ್ಳಗಿನ ಹಾಫ್ಲಿಂಗ್ ಆದರೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಮನುಷ್ಯರಾದರೆ ಮಂಡಿಯೂರಿ. ನಾನು ಪ್ರತಿ ಸಲ ‘ಕೂತುಕೊಳ್ಳುತ್ತೇನೆ’ ಅಂತ ಹೇಳುತ್ತಿದ್ದೆ, ಆಮೇಲೆ ಮಾತು. ಆರೇಳು ಸಲ ಆದ ಮೇಲೆ ಒಂದು ದಿನ ಕೊಲೆಗಾರನೊಬ್ಬನ ಮುಂದೆ ‘ನಾನು ನಿಂತೇ ಮಾತಾಡುತ್ತೇನೆ’ ಅಂದೆ. ಮೇಜಿನ ಸುತ್ತ ಒಬ್ಬರೂ ಉಸಿರೆತ್ತಲಿಲ್ಲ. ಡಿಎಂ ಆ ಕೊಲೆಗಾರನ ಕೈ ನಡುಗಿತು ಅಂದರು, ನಾನು ದಾಳವನ್ನೇ ಮುಟ್ಟಿರಲಿಲ್ಲ.